ಕಯಾಕ್‌ನ ರಾಡ್ ಹೋಲ್ಡರ್ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹುಡುಕುವ ಬಗೆ

ಶರಾವತಿ ಹಿನ್ನೀರಿನಲ್ಲೋ ಅಂಜನಾಪುರದ ಕೆರೆಯಲ್ಲೋ ಕಯಾಕ್ (ಹುಟ್ಟು ಹಾಕುವ ಕಿರುದೋಣಿ) ಇಳಿಸಿ ಗಾಳ ಹಾಕುವವರಿಗೆ ರಾಡ್, ಅಂದರೆ ಗಾಳದ ಕೋಲು, ನಿಲ್ಲಿಸುವ ಹೋಲ್ಡರ್ ಇಲ್ಲದಿದ್ದರೆ ಕೈ ಸಾಲುವುದಿಲ್ಲ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ರಾಡ್, ಗಾಳಿ ಬಂದರೆ ಎರಡೂ ಕೆಡುತ್ತವೆ. ರೆಡಿಮೇಡ್ ಹೋಲ್ಡರ್ ದುಬಾರಿ. ಪ್ಲಂಬಿಂಗ್ ಅಂಗಡಿಯಿಂದ ಪಿವಿಸಿ ಪೈಪ್, ಅದನ್ನು ಜೋಡಿಸುವ ಟೀ, ಎಲ್ಬೋ ಫಿಟ್ಟಿಂಗ್ ತಂದು ಮನೆಯಲ್ಲೇ ಮಾಡಿಕೊಳ್ಳುವುದು ಸರಿಯಾದ ದಾರಿಯೇ. ಚೆನ್ನಾಗಿ ಕೂರಿಸಿದ ಪೈಪ್ ಹೋಲ್ಡರ್ ವರ್ಷಗಟ್ಟಲೆ ಬಾಳುತ್ತದೆ.

ಕೆಟ್ಟಾಗ ಹೆಚ್ಚಿನವರು ಕೆಟ್ಟ ಜಾಗಕ್ಕೇ ಅಂಟು ಮೆತ್ತಿ ಸುಮ್ಮನಾಗುತ್ತಾರೆ. ಅದೇ ಜಾಗ ಮತ್ತೆ ಕೆಡುತ್ತದೆ. ಮೀನು ಎಳೆದ ಎಳೆತ ದಾರದಿಂದ ರಾಡಿಗೆ, ರಾಡಿನಿಂದ ಪೈಪಿಗೆ, ಪೈಪಿನಿಂದ ಜೋಡಣೆಗೆ, ಅಲ್ಲಿಂದ ಬೋಲ್ಟಿಗೆ, ಕೊನೆಗೆ ಕಯಾಕ್‌ನ ಮೈಗೆ ಇಳಿಯುತ್ತದೆ. ಈ ಸಾಲಿನಲ್ಲಿ ಯಾವುದು ಸೋತಿದೆ ಎಂದು ಮೊದಲು ಗೊತ್ತಾಗಬೇಕು. ಅದನ್ನು ನೀರಿನ ಮೇಲೆ ಪರೀಕ್ಷೆ ಮಾಡಬೇಡಿ, ಮನೆಯ ಅಂಗಳದಲ್ಲಿ ಮಾಡಿ. ಬೇಕಾಗುವುದು ಅಳತೆ ಟೇಪು, ಟಾರ್ಚು, ಸೋಪಿನ ನೀರು, ಬ್ಯಾಗ್ ತೂಗುವ ಕೊಕ್ಕೆಯ ಸಣ್ಣ ತಕ್ಕಡಿ ಮತ್ತು ಜೊತೆಗೊಬ್ಬರು.

ರಾಡ್ ಒಳಗೆ ಲಗಲಗ ಅಲ್ಲಾಡುತ್ತದೆ

ಇದು ಬಹುಪಾಲು ಪೈಪಿನ ಅಳತೆಯ ತೊಂದರೆ. ಅಂಗಡಿಯಲ್ಲಿ ಎರಡು ಲೆಕ್ಕದ ಪೈಪ್ ಸಿಗುತ್ತವೆ. ತೋಟದ ನೀರಾವರಿಗೆ ಬಳಸುವ ಪೈಪಿಗೆ ಹೊರವ್ಯಾಸವೇ ಹೆಸರು. 50 ಎಂಎಂ ಅಂದರೆ ಹೊರಗಿನಿಂದ 50 ಮಿ.ಮೀ. ಪ್ರೆಷರ್ ಕ್ಲಾಸ್ ಹೆಚ್ಚಾದಷ್ಟೂ ಗೋಡೆ ದಪ್ಪವಾಗಿ ಒಳಗಿನ ತೂತು ಸಣ್ಣದಾಗುತ್ತದೆ. ಮನೆಯ ನೀರಿನ ಲೈನಿಗೆ ಬಳಸುವ ಯುಪಿವಿಸಿ ಪೈಪನ್ನು ಇಂಚಿನ ಲೆಕ್ಕದಲ್ಲಿ ಕೊಡುತ್ತಾರೆ. ಅದರಲ್ಲಿ ಒಂದೂವರೆ ಇಂಚಿನದ್ದರ ಹೊರವ್ಯಾಸ 48.3 ಮಿ.ಮೀ. ಶೆಡ್ಯೂಲ್ (ಗೋಡೆಯ ದಪ್ಪದ ದರ್ಜೆ) 40 ಆದರೆ ಒಳಗೆ ಸುಮಾರು 41, ಶೆಡ್ಯೂಲ್ 80 ಆದರೆ ಸುಮಾರು 38 ಮಿ.ಮೀ. ಹೆಸರು ಒಂದೇ, ಒಳಗೆ ಮೂರು ಮಿ.ಮೀ. ವ್ಯತ್ಯಾಸ. ಹಾಗಾಗಿ ರಾಡನ್ನೇ ಅಂಗಡಿಗೆ ಒಯ್ದು ತೂರಿಸಿ ನೋಡಿ ತರುವುದು ಒಳ್ಳೆಯದು.

ಹಿಡಿಯ ಸುತ್ತ ಎಲ್ಲ ಕಡೆ ಸೇರಿ 4–6 ಮಿ.ಮೀ. ಸಡಿಲ ಇದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ಪೈಪ್ ಬದಲಿಸಬೇಕಾಗಿಲ್ಲ. ಬಾಯಿಯ ಹತ್ತಿರ ಒಂದು ಪಟ್ಟಿ, ತಳದ ಹತ್ತಿರ ಒಂದು ಪಟ್ಟಿ ಸೈಕಲ್ ಟ್ಯೂಬ್ ಕತ್ತರಿಸಿ ಒಳಗೆ ಅಂಟಿಸಿ. ಪೂರ್ತಿ ಉದ್ದಕ್ಕೆ ಸ್ಪಂಜು ತುಂಬಬೇಡಿ. ನೀರು ಹಿಡಿದು ಮುಂದಿನ ತೊಂದರೆಗೆ ದಾರಿ ಮಾಡಿಕೊಡುತ್ತದೆ.

ಮೀನು ಕಚ್ಚಿದಾಗ ರಾಡ್ ಹೊರಗೆ ಬರುವುದಿಲ್ಲ

ಮೊದಲು ಪೈಪಿನ ತಳ ನೋಡಿ. ಮುಚ್ಚಳ ಹಾಕಿದ್ದರೆ ಒಳಗೆ ನೀರು, ಮರಳು, ಎಲೆ ಕೂತಿರುತ್ತವೆ. ಒದ್ದೆಯಾದ ಕಾರ್ಕ್ ಅಥವಾ ಫೋಮ್ ಹಿಡಿ ಮರಳಿನ ಮೇಲೆ ಕೂತು ಕಚ್ಚಿಕೊಳ್ಳುತ್ತದೆ. ಡೆಕ್‌ನ (ಕಯಾಕ್‌ನ ಮೇಲ್ಮೈ) ಮೇಲೆ ನಿಂತ ಪೈಪ್ ಆಗಿದ್ದರೆ ಮುಚ್ಚಳ ತೆಗೆದು, ಅಡ್ಡಕ್ಕೆ ಒಂದು ಬೋಲ್ಟ್ ಹಾಕಿ. ರಾಡ್ ಅದರ ಮೇಲೆ ನಿಲ್ಲುತ್ತದೆ, ನೀರು ಕೆಳಗೆ ಹೋಗುತ್ತದೆ. ಡೆಕ್ ಕೊರೆದು ಒಳಗೆ ಇಳಿಸಿದ ಪೈಪಿನ ಮಾತು ಬೇರೆ. ಅದರ ತಳದಲ್ಲಿ ತೂತು ಕೊರೆದರೆ ನೀರು ನೇರ ಕಯಾಕ್‌ನ ಹೊಟ್ಟೆಗೆ ಇಳಿಯುತ್ತದೆ. ಅಲ್ಲಿ ಮುಚ್ಚಳ ಗಟ್ಟಿಯಾಗಿ ಅಂಟಿರಲೇಬೇಕು, ಒಳಗೆ ಸೇರಿದ್ದನ್ನು ಬಟ್ಟೆಯಿಂದ ಒರೆಸಿ ತೆಗೆಯಬೇಕು.

ತಳ ಸರಿಯಿದ್ದರೆ ಕೋನ ನೋಡಿ. ಹೋಲ್ಡರ್ ಕುಳಿತವನ ಬೆನ್ನ ಹಿಂದೆ ತೀರಾ ದೂರ ಇದ್ದರೆ ರಾಡನ್ನು ನೇರ ಮೇಲೆ ಎತ್ತಲು ಆಗುವುದಿಲ್ಲ, ಓರೆಯಾಗಿ ಎಳೆಯುತ್ತೇವೆ, ಅದು ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಕೂತಲ್ಲೇ ಮೊಣಕೈ ಬಗ್ಗಿಸಿ ಎತ್ತಲು ಸಿಗುವಷ್ಟು ಹತ್ತಿರಕ್ಕೆ ತನ್ನಿ.

ಎಳೆತ ಬಿದ್ದಾಗ ರಾಡ್ ಗಿರ್ರನೆ ತಿರುಗುತ್ತದೆ

ಬಾಯಿಯಲ್ಲಿ ರೀಲ್ ಕೂರಲು ಸೀಳು ಇಲ್ಲ ಎಂದರ್ಥ. ಸ್ಪಿನ್ನಿಂಗ್ ರೀಲ್ ರಾಡಿನ ಕೆಳಗೆ ತೂಗುತ್ತದೆ, ಸೀಳು ಪೈಪಿನ ಕೆಳಮುಖಕ್ಕೆ ಬರಬೇಕು. ರಾಡಿನ ಮೇಲೆ ಕೂರುವ ಬೇಟ್‌ಕಾಸ್ಟರ್ ರೀಲ್ ಆದರೆ ಮೇಲ್ಮುಖಕ್ಕೆ. ರೀಲಿನ ಕಾಲಿಗಿಂತ 4–5 ಮಿ.ಮೀ. ಅಗಲವಾಗಿ ಕತ್ತರಿಸಿದರೆ ಸಾಕು. ಸೀಳಿನ ಕೊನೆಯನ್ನು ಚೌಕವಾಗಿ ಬಿಡಬೇಡಿ. ಮೊದಲು ಡ್ರಿಲ್‌ನಿಂದ ದುಂಡಗಿನ ತೂತು ಮಾಡಿ, ಆಮೇಲೆ ಬಾಯಿಯಿಂದ ಆ ತೂತಿನವರೆಗೆ ಗರಗಸ ಹಾಕಿ. ಚೂಪು ಮೂಲೆಯಿಂದಲೇ ಬಿರುಕು ಶುರುವಾಗುವುದು.

ಹೋಲ್ಡರ್ ಹಿಂದಕ್ಕೆ ಬಾಗುತ್ತದೆ, ಜೋಡಣೆಯಲ್ಲಿ ಜಾರುತ್ತದೆ

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಹೆಚ್ಚಿನ ಹೋಲ್ಡರ್‌ಗಳು ಸೋಲುವುದು ಇಲ್ಲೇ.

ಏಳು ಅಡಿಯ ರಾಡ್. ಪೈಪಿನ ಒಳಗೆ 20 ಸೆಂ.ಮೀ. ಹಿಡಿ, ಹೊರಗೆ ತುದಿಯವರೆಗೆ ಸುಮಾರು 1.9 ಮೀಟರ್. ತುದಿಯನ್ನು 3 ಕೆಜಿ ಬಲದಿಂದ ಅಡ್ಡಕ್ಕೆ ಎಳೆದರೆ ಪೈಪಿನ ಬಾಯಿಯ ಅಂಚಿನ ಮೇಲೆ ಬೀಳುವ ಬಲ ಸುಮಾರು 32 ಕೆಜಿ. ಗಡಾರಿ ಹಾಕಿ ಕಲ್ಲು ಎಬ್ಬಿಸಿದ ಹಾಗೆ. ರಾಡ್ ಬಾಗುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆ ಆಗುತ್ತದೆ, ಆದರೂ ಲೆಕ್ಕದ ದಿಕ್ಕು ಇದೇ. ರಾಡಿನ ಹಿಡಿ ಉದ್ದವಿದ್ದು ಪೈಪನ್ನು 30 ಸೆಂ.ಮೀ. ಮಾಡಿದರೆ ಅದೇ ಎಳೆತಕ್ಕೆ ಬಾಯಿಯ ಮೇಲಿನ ಬಲ 21 ಕೆಜಿಗೆ ಇಳಿಯುತ್ತದೆ. ಹತ್ತು ಸೆಂಟಿಮೀಟರ್ ಪೈಪಿಗೆ ಇಷ್ಟು ಲಾಭ ಇರುವಾಗ ಉಳಿಸುವುದು ಯಾಕೆ? ಕಂಬ ಎತ್ತರವಾದಷ್ಟೂ ಬುಡದ ಮೇಲಿನ ಒತ್ತಡ ಜಾಸ್ತಿ. ಅಂದಕ್ಕೆಂದು ಎತ್ತರ ಮಾಡಬೇಡಿ.

ಈಗ ಹುಡುಕುವ ಕ್ರಮ. ಮೊದಲ ಪರೀಕ್ಷೆಗೆ ಖರ್ಚಿಲ್ಲ, ರೀಲಿನ ಡ್ರ್ಯಾಗ್ (ಎಳೆತ ಜಾಸ್ತಿಯಾದಾಗ ದಾರ ಜಾರಿ ಬಿಡುವಂತೆ ಇಟ್ಟ ಬಿಗಿ) ನೋಡುವುದು. ಗಾಳ, ಲ್ಯೂರ್ (ನಕಲಿ ಆಮಿಷ) ಎಲ್ಲ ಬಿಚ್ಚಿಡಿ. ಕಣ್ಣಿಗೆ ಕನ್ನಡಕ ಹಾಕಿಕೊಳ್ಳಿ. ರಾಡನ್ನು ಹೋಲ್ಡರ್‌ನಲ್ಲಿಟ್ಟು, ದಾರದ ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿ, ಜೊತೆಗಿರುವವರು ಕಯಾಕ್ ಹಿಡಿದುಕೊಳ್ಳಲಿ. ನೀವು ನಿಧಾನ ಎಳೆಯಿರಿ. ಡ್ರ್ಯಾಗ್ ಜಾರಿ ದಾರ ಬಿಡಲು ಶುರುವಾದಾಗ ತಕ್ಕಡಿ ಎಷ್ಟು ತೋರಿಸುತ್ತದೆ? ದಾರದ ತಾಳಿಕೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. 10 ಕೆಜಿಯ ದಾರಕ್ಕೆ ಎರಡೂವರೆಯಿಂದ ಮೂರು ಕೆಜಿ. ತಕ್ಕಡಿ ಆರು, ಏಳು ತೋರಿಸಿದರೂ ದಾರ ಬಿಡದಿದ್ದರೆ ಪರೀಕ್ಷೆ ನಿಲ್ಲಿಸಿ. ದೋಷ ಹೋಲ್ಡರ್‌ನದ್ದಲ್ಲ, ಡ್ರ್ಯಾಗ್ ಬಿಗಿಯಾಗಿದೆ.

ನಮ್ಮ ಹಿನ್ನೀರಿನಲ್ಲಿ ಈ ಡ್ರ್ಯಾಗ್‌ನ ಮಾತಿಗೆ ಬೇರೆಯೇ ತೂಕ ಇದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಗರಿಷ್ಠ ಮಟ್ಟ 1819 ಅಡಿ. ಬೇಸಿಗೆಯಲ್ಲಿ ನೀರು ಇಳಿದ ಹಾಗೆ ಆಗ ಮುಳುಗಿದ ಕಾಡಿನ ಬೊಡ್ಡೆಗಳು ಮೇಲೆ ಕಾಣುತ್ತವೆ, ಕಾಣದೆ ಕೆಳಗೆ ನಿಂತವು ಇನ್ನೂ ಎಷ್ಟೋ. ರಾಡನ್ನು ಹೋಲ್ಡರ್‌ನಲ್ಲಿಟ್ಟು ಹುಟ್ಟು ಹಾಕುತ್ತಾ ಲ್ಯೂರ್ ಎಳೆಯುವಾಗ ಅದು ಬೊಡ್ಡೆಗೆ ಸಿಕ್ಕಿದರೆ ಹೋಲ್ಡರ್ ಮೇಲೆ ಬೀಳುವುದು ಮೀನಿನ ಬಲವಲ್ಲ. ಕಯಾಕ್, ನೀವು, ಸಾಮಾನು ಸೇರಿ ನೂರು ಕೆಜಿಗೂ ಮಿಕ್ಕಿದ ಭಾರ ಚಲಿಸುತ್ತಿರುವಾಗ ತಟ್ಟನೆ ನಿಂತ ಬಲ ಅದು. ಹೆಣೆದ ಬ್ರೇಡ್ ದಾರ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಪೆಟ್ಟು ಬಹುಪಾಲು ಪೈಪಿಗೆ ಬೀಳುತ್ತದೆ. ನೈಲಾನ್ ದಾರ ಸ್ವಲ್ಪ ಹಿಗ್ಗಿ ಅದನ್ನು ತಗ್ಗಿಸುತ್ತದೆ. ಡ್ರ್ಯಾಗ್ ಎರಡು ಕೆಜಿಗೆ ಜಾರುವಂತೆ ಇಟ್ಟಿದ್ದರೆ ಬೊಡ್ಡೆ ಸಿಕ್ಕರೂ ರೀಲ್ ಕಿರ್ ಎಂದು ದಾರ ಬಿಡುತ್ತದೆ, ನೀವು ನಿಲ್ಲಿಸಿಕೊಳ್ಳುತ್ತೀರಿ. ದಪ್ಪ ಪೈಪ್ ಹಾಕಿ ಪರಿಹಾರ ಹುಡುಕುವವರಿಗೆ ನಾನು ಹೇಳುವುದು ಇದನ್ನೇ: ಮೊದಲು ರೀಲಿನ ತಿರುಗುಣಿ ಒಂದು ಸುತ್ತು ಸಡಿಲಿಸಿ ನೋಡಿ.

ಡ್ರ್ಯಾಗ್ ಸರಿಯಿದ್ದೂ ಜಾರುತ್ತಿದ್ದರೆ ಜೋಡಣೆ ನೋಡಿ. ಟೀ, ಎಲ್ಬೋ ಸೇರುವ ಜಾಗದಲ್ಲಿ ಪೆನ್ಸಿಲ್‌ನಿಂದ ಪೈಪಿನಿಂದ ಫಿಟ್ಟಿಂಗ್‌ಗೆ ದಾಟುವ ಹಾಗೆ ಒಂದು ಗೆರೆ ಎಳೆಯಿರಿ. ಮತ್ತೆ ತಕ್ಕಡಿಯಿಂದ ಎಳೆಯಿರಿ. ಗೆರೆ ಎರಡು ತುಂಡಾಗಿ ಸರಿದರೆ ಅಂಟು ಹಿಡಿದಿಲ್ಲ. ಗೆರೆ ನೇರವಾಗಿಯೇ ಇದ್ದು ಹೋಲ್ಡರ್ ಬಾಗಿದರೆ ಪೈಪ್ ತೆಳುವಾಗಿದೆ ಅಥವಾ ಬುಡದ ಬೋಲ್ಟ್ ಸಡಿಲವಾಗಿದೆ.

ಬಿರುಕು ಬಿಟ್ಟಿದೆ ಅಥವಾ ಮುರಿದಿದೆ

ಮುರಿದ ತುಂಡನ್ನು ಬಿಸಾಡಬೇಡಿ. ಬಿಸಿಲಿಗೆ ಹಿಡಿದು ನೋಡಿ, ಕಾರಣ ಅಲ್ಲೇ ಇರುತ್ತದೆ.

ಪೈಪ್ ಫಿಟ್ಟಿಂಗ್‌ನಿಂದ ಇಡಿಯಾಗಿ ಕಳಚಿ ಬಂದು, ಅದರ ಮೈ ನುಣುಪಾಗಿ ಹೊಳೆಯುತ್ತಿದ್ದರೆ ಸಾಲ್ವೆಂಟ್ (ಪೈಪಿನ ಅಂಟು) ಸರಿಯಾಗಿ ಕರಗಿಸಿ ಬೆಸೆದಿಲ್ಲ. ಧೂಳು, ತೇವ, ಎಣ್ಣೆ ಇದ್ದಿರಬೇಕು, ಅಥವಾ ಒಣಗುವ ಮೊದಲೇ ಎಳೆದಿರಬೇಕು. ಪಿವಿಸಿಗೆ ಪಿವಿಸಿ ಸಾಲ್ವೆಂಟ್, ಸಿಪಿವಿಸಿಗೆ ಅದರದ್ದೇ. ಎರಡನ್ನೂ ಬೆರೆಸಬೇಡಿ. ಪೈಪಿನ ಹೊಳಪನ್ನು ಮರಳು ಕಾಗದದಿಂದ ತೆಗೆದು, ಒರೆಸಿ, ಎರಡೂ ಕಡೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಒತ್ತಿ ಅರ್ಧ ನಿಮಿಷ ಹಿಡಿದುಕೊಳ್ಳಿ. ಒಣ ಹವೆಯಲ್ಲಿ ಒಂದು ದಿನ ಬಿಟ್ಟರೆ ಸಾಕು. ಆಗುಂಬೆ, ಹೊಸನಗರ ಕಡೆಯ ಮಳೆಗಾಲದಲ್ಲಿ ಗೋಡೆಯೇ ಒಣಗುವುದಿಲ್ಲ ಅಲ್ವಾ, ಅಲ್ಲಿ ಎರಡು ದಿನವಾದರೂ ಮುಟ್ಟದೆ ಬಿಡಿ. ಕಿಟಕಿ ತೆರೆದಿಟ್ಟು ಕೆಲಸ ಮಾಡಿ, ಹತ್ತಿರ ಒಲೆ, ಬೀಡಿ ಏನೂ ಬೇಡ. ಅದರ ಆವಿಗೆ ಬೆಂಕಿ ಬೇಗ ಹಿಡಿಯುತ್ತದೆ.

ಫಿಟ್ಟಿಂಗ್‌ನ ಪಕ್ಕದಲ್ಲೇ ಪೈಪ್ ತುಂಡಾಗಿದ್ದರೆ ಅಂಟು ಚೆನ್ನಾಗಿದೆ, ಎಳೆತವೇ ಜಾಸ್ತಿ. ಡ್ರ್ಯಾಗ್, ಕಂಬದ ಎತ್ತರ, ಪೈಪಿನ ದಪ್ಪ, ಈ ಕ್ರಮದಲ್ಲಿ ಸರಿಮಾಡಿ.

ಬಿರುಕು ಸ್ಕ್ರೂ ತೂತಿನಿಂದ ನಕ್ಷತ್ರದಂತೆ ಹರಡಿದ್ದರೆ ಬೋಲ್ಟನ್ನು ಅತಿಯಾಗಿ ಬಿಗಿದಿದ್ದೀರಿ, ಅಥವಾ ತೂತು ಕೊರೆಯದೆ ಸ್ಕ್ರೂ ತಿರುಪಿದ್ದೀರಿ. ಸೀಳಿನ ಕೊನೆಯಿಂದ ಹರಿದಿದ್ದರೆ ದುಂಡು ತೂತಿನ ಮಾತು ಮೇಲೆ ಹೇಳಿದೆ. ಸಣ್ಣ ಬಿರುಕಾದರೆ ಅದರ ತುದಿಯಲ್ಲಿ 4 ಮಿ.ಮೀ. ತೂತು ಕೊರೆದು, ಕೆಳಗೆ ಸ್ಟೀಲ್ ಹೋಸ್ ಕ್ಲಿಪ್ ಬಿಗಿದರೆ ಆ ದಿನದ ಮಟ್ಟಿಗೆ ನಡೆಯುತ್ತದೆ. ಆಮೇಲೆ ಪೈಪ್ ಬದಲಿಸಿ.

ಬಾಯಿಯ ಅಂಚು ಕಂದು ಬಣ್ಣಕ್ಕೆ ತಿರುಗಿ ಚಕ್ಕೆ ಎದ್ದಿದ್ದರೆ ಬಾಯಿ ಅಗಲಿಸುವಾಗ ಸುಟ್ಟಿದೆ. ತೋಟದಲ್ಲಿ ಒಣ ಸೋಗೆಗೆ ಬೆಂಕಿ ಹಚ್ಚಿ ಪೈಪ್ ಕಾಯಿಸಿ ಜೋಡಿಸುವುದು ನಮ್ಮಲ್ಲಿ ಕಂಡದ್ದೇ. ಆದರೆ ಪಿವಿಸಿ 80 ಡಿಗ್ರಿ ಆಸುಪಾಸಿನಲ್ಲೇ ಮೆದುವಾಗುತ್ತದೆ, ಕುದಿಯುವ ನೀರು ಧಾರಾಳ ಸಾಕು. ಪೈಪಿನ ತುದಿಯನ್ನು ನೀರಿನಲ್ಲಿ ಅದ್ದಿ ಹಿಡಿದು, ದಪ್ಪ ಗ್ಲೌಸ್ ಹಾಕಿ, ಗಾಜಿನ ಬಾಟಲಿಯ ಕುತ್ತಿಗೆಗೆ ಒತ್ತಿದರೆ ಬಾಯಿ ನಯವಾಗಿ ಅಗಲುತ್ತದೆ. ಬೆಂಕಿಗೆ ಹಿಡಿದು ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ. ಕಣ್ಣು, ಗಂಟಲು, ಶ್ವಾಸಕೋಶ ಮೂರಕ್ಕೂ ಕೆಟ್ಟದ್ದು. ಮಕ್ಕಳು ಹತ್ತಿರ ಇದ್ದರಂತೂ ಖಂಡಿತ ಬೇಡ.

ಪೈಪಿನ ಮೈ ಮಂಕಾಗಿ ಪುಡಿಪುಡಿ ಕೈಗೆ ಹತ್ತಿದರೆ ಬಿಸಿಲು ತಿಂದಿದೆ. ಉಳಿದ ಪೈಪಿನಿಂದ ಒಂದು ಉಂಗುರ ಕತ್ತರಿಸಿ, ಕನ್ನಡಕ ಹಾಕಿಕೊಂಡು ವೈಸ್‌ನಲ್ಲಿ ಒತ್ತಿ ನೋಡಿ. ಒಳ್ಳೆಯ ಪೈಪ್ ಮೊಟ್ಟೆಯಾಕಾರಕ್ಕೆ ಬಾಗುತ್ತದೆ, ಸತ್ತ ಪೈಪ್ ಪಟ್ ಎಂದು ಒಡೆಯುತ್ತದೆ. ಎಲೆಕ್ಟ್ರಿಕಲ್ ವೈರಿಂಗ್ ಪೈಪ್ ಈ ಕೆಲಸಕ್ಕೆ ಬೇಡವೇ ಬೇಡ. ಹೊಸ ಪೈಪಿಗೆ ತಿಳಿ ಬಣ್ಣದ ಪೇಂಟ್ ಒಂದು ಕೋಟ್ ಹೊಡೆದರೆ ಬಿಸಿಲಿನಿಂದ ಕಾಪಾಡುತ್ತದೆ.

ಬುಡವೇ ಕಿತ್ತು ಬರುತ್ತದೆ

ನಿಮ್ಮ ಕಯಾಕ್ ಯಾವುದರಿಂದ ಮಾಡಿದ್ದು ಎಂದು ಮೊದಲು ತಿಳಿಯಿರಿ. ಗಟ್ಟಿ ಪ್ಲಾಸ್ಟಿಕ್ ಕಯಾಕ್‌ಗಳು ಹೆಚ್ಚಾಗಿ ಪಾಲಿಎಥಿಲೀನ್. ಮನೆಯ ಮೇಲಿನ ಕಪ್ಪು ನೀರಿನ ಟ್ಯಾಂಕಿನ ಜಾತಿಯದ್ದೇ. ಇದಕ್ಕೆ ಮನೆಯಲ್ಲಿ ಸಿಗುವ ಯಾವ ಅಂಟೂ ನಂಬುವಷ್ಟು ಹಿಡಿಯುವುದಿಲ್ಲ. ಪಿವಿಸಿ ಸಾಲ್ವೆಂಟ್, ಎಪಾಕ್ಸಿ, ಸಿಲಿಕೋನ್ ಎಲ್ಲವೂ ಉಗುರಿಗೆ ಸಿಕ್ಕರೆ ಸಿಪ್ಪೆಯಂತೆ ಎದ್ದು ಬರುತ್ತವೆ. ಇಲ್ಲಿ ಬೋಲ್ಟ್ ಒಂದೇ ದಾರಿ. ಫೈಬರ್ ಕಯಾಕ್‌ಗೆ ಎಪಾಕ್ಸಿ ಹಿಡಿಯುತ್ತದೆ. ಗಾಳಿ ತುಂಬುವ ಕಯಾಕ್‌ಗೆ ಮಾತ್ರ ಯಾವ ಕಾರಣಕ್ಕೂ ಸ್ಕ್ರೂ ಬೇಡ.

ಬೋಲ್ಟ್ ಹಾಕಿಯೂ ಸಡಿಲವಾಗುತ್ತಿದ್ದರೆ ವಾಷರ್ ಸುತ್ತ ಡೆಕ್ ತಗ್ಗಾಗಿದೆಯಾ ನೋಡಿ. ಪಾಲಿಎಥಿಲೀನ್ ಒತ್ತಡಕ್ಕೆ ನಿಧಾನವಾಗಿ ಸರಿದುಕೊಡುತ್ತದೆ, ಬಿಸಿಲಿಗೆ ಬೇಗ ಹಿಗ್ಗುತ್ತದೆ. ಇವತ್ತು ಬಿಗಿದದ್ದು ವಾರ ಬಿಟ್ಟು ಸಡಿಲ. ಒಳಗಡೆ ಡೆಕ್‌ಗೆ ತಾಗಿ ಹಳೆಯ ಪ್ಲಾಸ್ಟಿಕ್ ತರಕಾರಿ ಹೆಚ್ಚುವ ಮಣೆಯಿಂದ ಕತ್ತರಿಸಿದ ಅಂಗೈಯಷ್ಟು ಹಲಗೆ, ಅದಕ್ಕೆ ಅಗಲ ವಾಷರ್, ಕೊನೆಗೆ ನೈಲಾನ್ ಉಂಗುರದ ನಟ್ಟು, ಇಷ್ಟಿದ್ದರೆ ಭಾರ ಹರಡುತ್ತದೆ. ಬೋಲ್ಟ್ ಎಸ್‌ಎಸ್ 304 ಆಗಿರಲಿ, ಸಿಹಿನೀರಿಗೆ ಅದು ಸಾಕು. ಅಲ್ಯೂಮಿನಿಯಂ ಪಾಪ್ ರಿವೆಟ್ ಡೆಕ್‌ನಿಂದ ಕಿತ್ತು ಬರುವುದು ಸಾಮಾನ್ಯ.

ಒಳಗೆ ಕೈ ಹೋಗದ ಜಾಗದಲ್ಲಿ ಕೊರೆಯುವುದನ್ನು ಬಿಟ್ಟುಬಿಡಿ. ಸೀಟಿನ ಹಿಂದೆ ತರಕಾರಿ ಕ್ರೇಟ್ ಇಟ್ಟು ಪಟ್ಟಿಯಿಂದ ಬಿಗಿದು, ಕ್ರೇಟಿಗೇ ಪೈಪ್‌ಗಳನ್ನು ಕಟ್ಟಿ. ಕಯಾಕ್‌ಗೆ ಒಂದೂ ತೂತು ಬೇಡ. ಹೊಸದಾಗಿ ಮಾಡುವವರಿಗೆ ಇದೇ ಒಳ್ಳೆಯದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಯಾಕ್ ಹೊಟ್ಟೆಯಲ್ಲಿ ನೀರು

ಹೋಲ್ಡರ್ ಹಾಕಿದ ಮೇಲೆ ನೀರು ಬಂದರೆ ಎಲ್ಲರೂ ಬೋಲ್ಟನ್ನೇ ಅನುಮಾನಿಸುತ್ತಾರೆ. ಮೊದಲು ಡ್ರೈನ್ ಪ್ಲಗ್ಗಿನ ವಾಷರ್, ಆಮೇಲೆ ಹ್ಯಾಚ್ ಮುಚ್ಚಳದ ರಬ್ಬರ್ ನೋಡಿ. ಎರಡೂ ಸರಿಯಿದ್ದರೆ ಡ್ರೈನ್ ತೂತಿಗೆ ಮೆದು ಟ್ಯೂಬ್ ಇಟ್ಟು ಬಾಯಿಯಿಂದ ಊದಿ. ಜೊತೆಗಿರುವವರು ಬೋಲ್ಟುಗಳ ಸುತ್ತ ಸೋಪಿನ ನೀರು ಸವರಲಿ. ಗುಳ್ಳೆ ಎದ್ದಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹಚ್ಚಬೇಡಿ, ಕಯಾಕ್ ಉಬ್ಬಿ ಸೀಳಬಹುದು.

ಸೋರುವ ಬೋಲ್ಟ್ ಬಿಚ್ಚಿ, ಡೆಕ್ ಮತ್ತು ಹೋಲ್ಡರ್ ನಡುವೆ ಸೈಕಲ್ ಟ್ಯೂಬಿನ ಗ್ಯಾಸ್ಕೆಟ್ ಅಥವಾ ಬ್ಯುಟೈಲ್ ಟೇಪ್ ಇಟ್ಟು ಮತ್ತೆ ಬಿಗಿಯಿರಿ. ಒತ್ತಿ ಹಿಡಿದ ರಬ್ಬರ್ ನೀರು ತಡೆಯುತ್ತದೆ. ಮೇಲಿಂದ ಬಳಿದ ಸಿಲಿಕೋನ್ ತಡೆಯುವುದಿಲ್ಲ.

ಹುಟ್ಟು ತಗಲುತ್ತದೆ, ಕಯಾಕ್ ಒಂದು ಕಡೆ ವಾಲುತ್ತದೆ

ನೆಲದ ಮೇಲೆ ಕಯಾಕ್‌ನಲ್ಲಿ ಕೂತು, ಕಣ್ಣು ಮುಚ್ಚಿ ಹುಟ್ಟು ಹಾಕಿ ನೋಡಿ. ತಗಲಿದರೆ ಜಾಗ ತಪ್ಪು. ರಾಡ್‌ಗಳನ್ನು ನೇರ ಮೇಲೆ ನಿಲ್ಲಿಸಿದರೆ ದಡದ ಬಿದಿರು, ಹೊಂಗೆ ಕೊಂಬೆಗೆ ಸಿಗುತ್ತವೆ. ಹೊರಕ್ಕೆ ತೀರಾ ಮಲಗಿಸಿದರೆ ಅಗಲ ಜಾಸ್ತಿಯಾಗಿ ಬೊಡ್ಡೆಗಳ ನಡುವೆ ತೂರಲು ಆಗುವುದಿಲ್ಲ. ಓರೆಯಾಗಿ, ಹಿಂದಕ್ಕೆ ಬಾಗಿದ್ದರೆ ಅನುಕೂಲ.

ರಾಡ್ ನೀರಿಗೆ ಬೀಳದಂತೆ ಕಟ್ಟುವ ದಾರವನ್ನು ಕಯಾಕ್‌ಗೆ ಕಟ್ಟಿ, ನಿಮ್ಮ ಮೈಗೆ, ಲೈಫ್ ಜಾಕೆಟ್‌ಗೆ ಬೇಡ. ಮಗುಚಿದಾಗ ಕಾಲಿಗೆ ಸುತ್ತಿಕೊಂಡರೆ ಕತ್ತರಿಸಲು ಒಂದು ಚಾಕು ಕೈಗೆಟುಕುವಲ್ಲಿ ಇರಲಿ.

ಇಲ್ಲಿಗೆ ನಿಲ್ಲಿಸಿ

ನೀರಿನ ಮೇಲಿರುವಾಗ ಹೋಲ್ಡರ್ ಮುರಿದರೆ ಅಲ್ಲೇ ರಿಪೇರಿಗೆ ಬಗ್ಗಬೇಡಿ. ರಾಡನ್ನು ಕಾಲಿನ ಬಳಿ ಮಲಗಿಸಿ ದಡ ಸೇರಿ. ಕಯಾಕ್ ಎಂದಿನಂತಿಲ್ಲದೆ ಭಾರವಾಗಿ ತೂಗಾಡಿದರೆ ಒಳಗೆ ನೀರು ಸೇರಿದೆ, ಆಗಲೂ ಅಷ್ಟೇ. ಏಪ್ರಿಲ್, ಮೇ ಸಂಜೆಗಳಲ್ಲಿ ಗುಡುಗು ಕೇಳಿದ ಕೂಡಲೇ ರಾಡ್‌ಗಳನ್ನು ಕೆಳಗಿಳಿಸಿ ಹೊರಡಿ. ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ, ಬಯಲು ನೀರಿನ ಮೇಲೆ ಅದೇ ಎತ್ತರದ ವಸ್ತು. ನೀರು ದಾಟಿ ಹೋದ ಕರೆಂಟ್ ತಂತಿಯ ಕೆಳಗೂ ರಾಡ್ ನಿಲ್ಲಿಸಿಕೊಂಡು ಹೋಗಬೇಡಿ.

ಹೊಸ ಹೋಲ್ಡರ್ ಪರೀಕ್ಷೆಗೆಂದು ಶೃಂಗೇರಿ, ಚಿಬ್ಬಲಗುಡ್ಡೆಯ ಮತ್ಸ್ಯಧಾಮಗಳ ಹತ್ತಿರ ಇಳಿಯಬೇಡಿ. ಬೇರೆ ಕಡೆಯೂ ಮೀನುಗಾರಿಕೆ ಇಲಾಖೆಯ ಅನುಮತಿ ಕೇಳಿಕೊಂಡು ಇಳಿಯಿರಿ. ಭದ್ರಾ, ಶರಾವತಿ ಹಿನ್ನೀರಿನ ಕೆಲವು ಭಾಗ ಅರಣ್ಯ ಇಲಾಖೆಯ ರಕ್ಷಿತ ಪ್ರದೇಶಕ್ಕೆ ಸೇರಿದೆ, ಅಲ್ಲಿ ಅವರನ್ನೂ ಕೇಳಬೇಕು.

ಬೋಲ್ಟ್ ತೂತಿನಿಂದ ಬಿರುಕು ಕಯಾಕ್‌ನ ಮೈಗೇ ಹರಿದಿದ್ದರೆ ಅದು ಮನೆಯ ಕೆಲಸವಲ್ಲ. ಬಿರುಕಿನ ಎರಡೂ ತುದಿಯಲ್ಲಿ ಸಣ್ಣ ತೂತು ಕೊರೆದು ಮುಂದೆ ಹರಿಯದಂತೆ ತಡೆದು, ನೀರಿನ ಟ್ಯಾಂಕ್‌ಗೆ ಬಿಸಿಗಾಳಿಯ ಬೆಸುಗೆ ಹಾಕುವವರನ್ನು ಹುಡುಕಿ. ಟ್ಯಾಂಕ್ ಬೆಸೆಯುವ ಕೈ ಕಯಾಕ್‌ಗೂ ನಡೆಯುತ್ತದೆ. ಬೆಸುಗೆಯ ಕಡ್ಡಿ ಕಯಾಕ್‌ನ ಜಾತಿಯದ್ದೇ ಪಾಲಿಎಥಿಲೀನ್ ಆಗಿರಬೇಕೆಂದು ಮೊದಲೇ ಹೇಳಿ, ಬಿರುಕಿನ ಆಚೀಚೆ ಒರೆಸಿ ಒಣಗಿಸಿ ಒಯ್ಯಿರಿ. ಬೆಸುಗೆ ಆರಿದ ಮೇಲೆ ಸೋಪಿನ ನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ, ಹೋಲ್ಡರನ್ನು ಆ ಜಾಗದಿಂದ ಒಂದು ಗೇಣಾದರೂ ದೂರ ಕೂರಿಸಿ.